ಚಿಕ್ಕದಾಗುತ್ತಾ ಹೋದ ಫೋಟೋ

"ಗದ್ದ ಸ್ವಲ್ಪ ಎತ್ತಿ... ಹಾಂ, ನನ್ನ ಕಡೆ ನೋಡಿ."

ಶಶಿರೇಖಾ ನೋಡಿದಳು. ನೋಡಬಾರದಿತ್ತು! ಕ್ಯಾಮೆರಾ ಮೇಲಿಂದ ಶಿವರಾಮನ ಕಣ್ಣುಗಳೂ ಅವಳನ್ನೇ ನೋಡುತ್ತಿದ್ದವು.

ಮತ್ತಿಕೆರೆಯ ಅವನ ಸ್ಟುಡಿಯೋದಲ್ಲಿ ಅವಳು ಮದುವೆ ಆಲ್ಬಂ ಡಿಸೈನ್ ಮಾಡಲು ಸೇರಿ ವರ್ಷವಾಗಿತ್ತು. ಇಷ್ಟು ದಿನ ಇಬ್ಬರೂ ನೋಡಿದ್ದು ಊರವರ ಮದುವೆಗಳನ್ನು. ಇವತ್ತು ಮೊದಲ ಸಲ ಅವನು ಅವಳನ್ನು ಕಣ್ತುಂಬ ನೋಡಿದ, ಅದೂ ಬೇರೆಯವರಿಗೆ ತೋರಿಸಲು! ಮಾಕಳಿಯ ಹುಡುಗನ ಕಡೆಯವರು ಫೋಟೋ ಕೇಳಿದ್ದರು.

"ಚೆನ್ನಾಗ್ ಬಂದಿದೆ ಅಮ್ಮ. ಇವತ್ತೇ ಮೇಲ್ ಮಾಡ್ತೀನಿ," ಎಂದ, ಪಕ್ಕದಲ್ಲಿ ಕುಳಿತಿದ್ದ ಅವಳ ತಾಯಿ ಮುನಿಯಲ್ಲಮ್ಮನಿಗೆ.

ಅಷ್ಟೇನಾ? ಬೇಡ ಅಂತ ಒಂದು ಮಾತು ಇವರ ಬಾಯಿಂದ ಬರಬಾರದಾ? ಅವಳಿಗೆ ಅಳು ಒತ್ತರಿಸಿ ಬಂತು.

ಕೆಲವು ದಿನಗಳ ಮೇಲೆ ಅಮ್ಮನ ಫೋನ್.

"ಏನೇ ಇದು! ಫೋಟೋದಲ್ಲಿ ಮುಖಾನೇ ಕಾಣ್ಸಲ್ವಂತೆ! ದೊಡ್ಡದ್ ಮಾಡಿದ್ರೆ ಬರೀ ಚೌಕ ಚೌಕ. ಹುಡುಗೀಲಿ ಏನೋ ಐಬಿರ್ಬೇಕು, ಮುಚ್ಚಿಡ್ತಿದಾರೆ ಅಂತ ಹುಡುಗನ ಅಪ್ಪನೇ ಅಂದ್ರಂತೆ. ಇವತ್ತೇ ಸರಿಯಾದ್ದು ಕಳ್ಸು!"

ಅವಮಾನದಿಂದ ಅವಳ ಮುಖ ಬಿಸಿಯಾಯಿತು. ಶಿವರಾಮನ ಕಂಪ್ಯೂಟರಿನಲ್ಲಿ ತನ್ನ ಹೆಸರಿನ ಫೋಲ್ಡರ್ ತೆರೆದಳು. ಒಂದೇ ನಗುವಿನ ನಾಲ್ಕು ಪುಟ್ಟ ಚಿತ್ರಗಳು. ಡೀಟೇಲ್ಸ್ ಒತ್ತಿದಳು. ಮುಖಗಳು ಮಾಯವಾಗಿ ಸಾಲು ಸಾಲು ಅಂಕಿಗಳು ಬಂದವು.

ಮೊದಲನೆಯದು ಐದು ಎಂಬಿ. ಎರಡನೆಯದು ನಾನೂರು ಕೆಬಿ. ಮೂರನೆಯದು ನಲವತ್ತು. ಕೊನೆಯದು... ನಾಲ್ಕೇ ನಾಲ್ಕು! ಮಾಕಳಿಗೆ ಹೋಗಿದ್ದು ಅದೇ.

ಮೇಲ್‌ಗೆಂದು ಫೋಟೋವನ್ನು ಒಮ್ಮೆ ಚಿಕ್ಕದು ಮಾಡುವುದು ಸ್ಟುಡಿಯೋದ ರೂಢಿ. ಮೂರು ಸಲ ಯಾಕೆ?

ಅಷ್ಟರಲ್ಲಿ ಶಿವರಾಮ ಒಳಗೆ ಬಂದ.

"ಇದೇನ್ರೀ?"

ಪರದೆ ನೋಡಿ ಅವನ ಮುಖ ಹುಳ್ಳಗಾಯಿತು. "ನೆಟ್ ಸ್ಲೋ ಇತ್ತು, ಅದಕ್ಕೆ..."

"ಸುಳ್ಳು ಹೇಳ್ಬೇಡಿ! ನನ್ನಲ್ಲಿ ಐಬಿದೆ ಅಂದ್ಕೊಂಡ್ರು ಅವ್ರು. ನನ್ನ ಕೇಳ್ದೆ ನನ್ನ ಮುಖ ಅಳಿಸೋಕೆ ನೀವ್ಯಾರು?"

"ತಪ್ಪಾಯ್ತು ಶಶಿ... ಮೊದಲ್ನೇ ಸಲ ನಿಜವಾಗ್ಲೂ ಮೇಲ್‌ಗೇ ಅಂತ ಚಿಕ್ಕದ್ ಮಾಡ್ದೆ. ಆದ್ರೂ ನಿಮ್ಮ ನಗು ಚೆನ್ನಾಗ್ ಕಾಣ್ತಿತ್ತು. ನೋಡಿದ್ರೆ ಒಪ್ಕೊಂಡ್ಬಿಡ್ತಾರೆ ಅನ್ನಿಸ್ತು... ಇನ್ನೊಂಚೂರು ಚಿಕ್ಕದ್ ಮಾಡ್ದೆ. ಆಗ್ಲೂ ಕಾಣ್ತಿತ್ತು!"

ಎಲ್ಲಿಲ್ಲದ ಕೋಪದ ನಡುವೆಯೂ ಅವಳಿಗೆ ನಗು ಬಂತು. ಈ ಮನುಷ್ಯನನ್ನು ಏನು ಮಾಡೋದು? ತುಟಿ ಕಚ್ಚಿಕೊಂಡು ಮೊದಲ ಫೋಟೋವನ್ನು ಮೇಲ್‌ಗೆ ಹಾಕಿ ಮೌಸನ್ನು ಅವನತ್ತ ಸರಿಸಿದಳು.

"ಇಗೋ, ಪೂರ್ತಿ ಫೋಟೋ. ನೀವೇ ಕಳ್ಸಿ."

ಅವನ ಬೆರಳು ಮೌಸ್ ಮೇಲೆ ಹಾಗೇ ನಿಂತಿತು. ಅವಳು ಆ ಬೆರಳನ್ನೇ ನೋಡಿದಳು. ಒತ್ತಿಬಿಟ್ಟರೆ?

"ಆಗಲ್ಲ ಶಶಿ," ಅವನು ಕೈ ತೆಗೆದ. "ನೀವಂದ್ರೆ ನನಗಿಷ್ಟ. ನಿಮ್ಮನ್ನ ಬೇರೆಯವ್ರಿಗೆ ಕೊಡೋಕೆ ನನ್ನಿಂದ ಆಗಲ್ಲ."

ಅವಳ ಕಣ್ಣು ತುಂಬಿ ಬಂತು. ಸ್ಟುಡಿಯೋದ ದೀಪಗಳೆಲ್ಲ ಕರಗಿ, ಬೆಳದಿಂಗಳಲ್ಲಿ ನಿಂತ ಹಾಗಾಯಿತು. ವರ್ಷವಿಡೀ ಕನಸಿನಲ್ಲಿ ಕೇಳಿದ ಮಾತು, ಇಷ್ಟು ಹತ್ತಿರದಲ್ಲಿ!

"ಅವತ್ತೇ ಹೇಳೋಕೇನಾಗಿತ್ತು?"

"ನಿಮ್ಮಮ್ಮ ಪಕ್ಕದಲ್ಲೇ ಕೂತಿದ್ರಲ್ಲ..."

"ನನಗೂ ನೀವೇ ಬೇಕು ಕಣ್ರೀ. ಆದ್ರೆ ಮೊದ್ಲು ಮಾಕಳಿಗೆ ಫೋನ್ ಮಾಡಿ, ಫೋಟೋ ಕೆಡಿಸಿದ್ದು ನಾನೇ, ಹುಡುಗೀದೇನೂ ತಪ್ಪಿಲ್ಲ ಅನ್ನಿ."

ಅವನು ಅಲ್ಲೇ ನಿಂತು ಫೋನ್ ಮಾಡಿದ, ಬೈಸಿಕೊಂಡ, ಕ್ಷಮೆ ಕೇಳಿದ. ಆಮೇಲೆ ಬೆವರು ಒರೆಸಿಕೊಂಡು ಅವಳ ಕಡೆ ತಿರುಗಿದ.

"ನಾಳೆ ನಿಮ್ಮನೆಗೆ ಬರ್ಲಾ?"

"ನಾಳೆ ಯಾಕೆ? ಅಮ್ಮ ಈಗ ಮನೇಲೇ ಇದಾರೆ. ನಡೀರಿ, ನಾನೂ ಬರ್ತೀನಿ."