ಲೈಲಾಕ್ ಹಿಡಿದವಳ ಮುಖ

ಗುರುವಾರ ಸಂಜೆ ಕ್ಲಬ್ಬಿಗೆ ಬಂದಾಗ ಯಾರ್ಮಿಲಾಳ ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ ಕಾದು ಕೂತಿತ್ತು. ಒಳಗೆ ಹತ್ತಿಯ ಮೇಲೆ, ಹೆಬ್ಬೆರಳಿಗಿಂತ ಗಿಡ್ಡ ಹೆಂಗಸೊಬ್ಬಳು ಮಲಗಿದ್ದಳು. ಪ್ಲಾಸ್ಟಿಕ್ಕಿನವಳು. ಬ್ಲೌಸಿಗೆ, ಸ್ಕರ್ಟಿಗೆ ಬಣ್ಣ ಆಗಿತ್ತು. ಮೇಲೆತ್ತಿದ ಕೈಯಲ್ಲಿ ಲೈಲಾಕ್ ಹೂವಿನ ನೇರಳೆ ಗೊಂಚಲಿತ್ತು. ಮುಖ ಮಾತ್ರ ಖಾಲಿ.

ಜೊತೆಗೊಂದು ಚೀಟಿ: "ಯಾರ್ಮಿಲಾ ಅವರೇ, ನನ್ನ ಡ್ರೈವರ್‌ಗೆ ಹೂ ಕೊಡುವವಳು ಇವಳು. ಮುಖ ಯಾರದು ಅಂತ ನಿಮಗೆ ಗೊತ್ತೇ ಇದೆ. ಅವಸರವಿಲ್ಲ. ಹಿನೆಕ್."

ಯಾರ್ಮಿಲಾ ಮೂರು ಸಲ ಓದಿದಳು. ಗೊತ್ತೇ ಇದೆಯಂತೆ! ಏನು ಗೊತ್ತಿದೆ?

ಪ್ರೊಸ್ತೆಯೊವ್ ಊರಿನ ಹಳೆಯ ಶಾಲೆಯ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಹದಿನೈದು ಜನ ಸೇರಿ ಎರಡನೇ ಮಹಾಯುದ್ಧದ ಟ್ಯಾಂಕು, ವಿಮಾನಗಳ ಪುಟ್ಟ ಮಾದರಿಗಳನ್ನು ಅಂಟಿಸುತ್ತಿದ್ದರು. ತುಕ್ಕು, ಕೆಸರು, ಗುಂಡಿನ ತೂತುಗಳನ್ನೆಲ್ಲ ಗಂಡಸರೇ ಮಾಡಿಕೊಳ್ಳುತ್ತಿದ್ದರು. ಸೈನಿಕರ ಮುಖ ಎಂದರೆ ಮಾತ್ರ ಯಾರ್ಮಿಲಾ. ಹಗಲಿಡೀ ಕನ್ನಡಕದ ಅಂಗಡಿಯಲ್ಲಿ ಊರಿನವರ ಕಣ್ಣು ನೋಡಿ, ಸಂಜೆ ಇಲ್ಲಿ ಬಂದು ಸಾಸಿವೆಗಿಂತ ಸಣ್ಣ ಕಣ್ಣುಗಳಿಗೆ ಜೀವ ಕೊಡುತ್ತಿದ್ದಳು. ಮೂವತ್ತೆಂಟು ವಯಸ್ಸು, ಒಂಟಿ ಬದುಕು, ಅಲುಗದ ಕೈ.

ಹಿನೆಕ್ ಊರಿನ ಬಸ್ ಓಡಿಸುತ್ತಿದ್ದ. ಐದು ವರ್ಷದಲ್ಲಿ ಅವಳ ಜೊತೆ ಆಡಿದ ಮಾತು ಹೆಚ್ಚೆಂದರೆ ನೂರು ಇರಬಹುದು. ಅದರಲ್ಲೂ ಅರ್ಧ ಅಂಟಿನ ವಿಷಯ. ಆದರೂ ಅವನು ಮೆಟ್ಟಿಲಿಳಿದು ಬರುವ ಸದ್ದು ಯಾವುದು, ಬೇರೆಯವರದು ಯಾವುದು ಎಂದು ಅವಳು ತಲೆಯೆತ್ತದೆ ಹೇಳಬಲ್ಲವಳಾಗಿದ್ದಳು.

ಈ ಚಳಿಗಾಲದಲ್ಲಿ ಅವನು ದೊಡ್ಡ ದೃಶ್ಯವೊಂದಕ್ಕೆ ಕೈ ಹಾಕಿದ್ದ. ಮೇ ೧೯೪೫. ಯುದ್ಧ ಮುಗಿದಿದೆ. ತಮ್ಮ ದೇಶದ ಸೈನಿಕರದೇ ಟಿ-೩೪ ಟ್ಯಾಂಕು ಹಳ್ಳಿಯ ಬೀದಿಯಲ್ಲಿ ನಿಂತಿದೆ; ಮುಂದಿನ ಕಿಂಡಿಯಿಂದ ಡ್ರೈವರ್ ತಲೆ ಹೊರಗೆ ಹಾಕಿದ್ದಾನೆ. "ಸುಮ್ನೆ ಒಂದು ಮಾಮೂಲಿ ಮುಖ ಸಾಕು" ಎಂದಿದ್ದ. ಯಾರ್ಮಿಲಾ ಮಾಮೂಲಿ ಮುಖವನ್ನೇ ಬರೆದಿದ್ದಳು. ಹಾಗೆಂದುಕೊಂಡಿದ್ದಳು. ಕ್ಲಬ್ಬಿನ ಅಧ್ಯಕ್ಷ ಸ್ವಾತೋಪ್ಲುಕ್ ಅಜ್ಜ ಅದನ್ನು ಭೂತಗನ್ನಡಿಯಲ್ಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಏನ್ ಮಗಳೇ ಇದು, ನಮ್ಮ ಹಿನೆಕ್‌ನನ್ನೇ ಟ್ಯಾಂಕು ಹತ್ತಿಸಿಬಿಟ್ಟಿದ್ದೀಯಲ್ಲ! ಹುಬ್ಬು ನೋಡು, ಗಲ್ಲದ ಗಾಯದ ಕಲೆ ನೋಡು!"

ಅವಳ ಕಿವಿಯೆಲ್ಲ ಬಿಸಿಯಾಗಿತ್ತು. ಹಿನೆಕ್ ಆ ಭೂತಗನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದ. "ಟ್ಯಾಂಕಿಗೂ ಲೈಸೆನ್ಸ್ ಮಾಡಿಸ್ಬೇಕೇನೋ" ಎಂದಷ್ಟೇ ಹೇಳಿ ಕಣ್ಣು ತಪ್ಪಿಸಿದ್ದ.

ಈಗ ಈ ಚೀಟಿ.

ಅವಳು ಗೆಳತಿ ಇವೆತಾಗೆ ಫೋನ್ ಮಾಡಿದಳು.

"ಡ್ರೈವರ್ ಅವನೇ ಅಂದ್ಮೇಲೆ ಹೂ ಕೊಡೋಳು ಯಾರು ಹೇಳು? ಹೆಂಡತಿ ತಾನೇ?"

"ಯಾರು, ರಾಡ್ಕಾನಾ? ಅವಳು ಬಿಟ್ಟು ಹೋಗಿ ಎರಡು ವರ್ಷ ಆಯ್ತಲ್ಲೇ!"

"ಅವನು ಮರೆತಿಲ್ಲ ಅಂತ ಆಯ್ತಲ್ಲ."

"ಅವನನ್ನೇ ಕೇಳ್ಬಾರ್ದಾ?"

"ಏನಂತ ಕೇಳ್ಲಿ? ಯಾರ ಮುಖ ಅಂದ್ರೆ, ಗೊತ್ತಿಲ್ವಾ ಅಂತಾನೆ. ಗೊತ್ತು ಅಂದ್ರೆ, ಸರಿ ಬಿಡಿ ಅಂತಾನೆ."

"ಅದೂ ನಿಜವೇ. ಆ ಮನುಷ್ಯನ ಬಾಯಿಗೂ ಅಂಟು ಮೆತ್ತಿದೆ."

ರಾಡ್ಕಾ ಮೊದಲು ಗುರುವಾರಗಳಂದು ಗಂಡನನ್ನು ಕರೆದುಕೊಂಡು ಹೋಗಲು ಬರುತ್ತಿದ್ದಳು. ಬಾಗಿಲಲ್ಲಿ ನಿಂತು ಕಾರಿನ ಕೀಲಿ ಆಡಿಸುತ್ತಿದ್ದಳು. ಅವಳ ಮುಖ ಬರೆಯಲು ಯಾರ್ಮಿಲಾಳಿಗೆ ಫೋಟೋ ಬೇಕಾಗಲಿಲ್ಲ. ಬೂದು ಬೆರೆತ ಹಸಿರು ಕಣ್ಣು, ಕೊಂಚ ಮೇಲೆದ್ದ ಎಡಹುಬ್ಬು, ಬಲಕಿವಿಯ ಕೆಳಗೊಂದು ಮಚ್ಚೆ, ಎಲ್ಲವೂ ನೆನಪಿನಲ್ಲಿದ್ದವು. ಇಷ್ಟೆಲ್ಲ ಯಾಕೆ ನೆನಪಿದೆ ಎಂದು ಮಾತ್ರ ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ನಾಲ್ಕು ಸಂಜೆ ಹಿಡಿಯಿತು. ಒಂದೇ ಸಲಕ್ಕೆ ಕಣ್ಣು ಬರೆಯುತ್ತಿದ್ದವಳು ಎರಡು ಸಲ ಅಳಿಸಿ ಬರೆದಳು. ಮೂಗನ್ನು ಚೂರು ದಪ್ಪ ಮಾಡಿಬಿಡಲೇ ಎಂಬ ಯೋಚನೆ ಬಂದದ್ದೂ ನಿಜ. ಮಾಡಲಿಲ್ಲ. ರಾಡ್ಕಾ ಎಷ್ಟು ಚೆಲುವೆಯೋ ಅಷ್ಟೇ ಚೆಲುವಾಗಿ ಬರೆದಳು.

ಮುಂದಿನ ಗುರುವಾರ ಪೊಟ್ಟಣವನ್ನು ಅವನ ಕೈಗಿಟ್ಟಳು. ಹಿನೆಕ್ ಮಗುವಿನ ಹಾಗೆ ಆತುರದಿಂದ ತೆಗೆದ. ನೋಡಿದ. ದೀಪದ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದ.

"ಇದು... ರಾಡ್ಕಾ."

"ಯಾಕೆ, ಹೋಲಿಕೆ ಇಲ್ವಾ?"

"ಇದೆ. ತುಂಬಾನೇ ಇದೆ." ಪೊಟ್ಟಣ ಮುಚ್ಚಿದ. "ಥ್ಯಾಂಕ್ಸ್, ಯಾರ್ಮಿಲಾ ಅವರೇ. ತುಂಬಾ ಕಷ್ಟಪಟ್ಟಿದ್ದೀರಿ."

"ಕಷ್ಟ ಏನ್ ಬಂತು" ಎಂದಳು ಅವಳು. ಇಷ್ಟು ದೊಡ್ಡ ಸುಳ್ಳನ್ನು ಅವಳು ಬಹಳ ದಿನಗಳಿಂದ ಹೇಳಿರಲಿಲ್ಲ.

ಅರ್ಧ ಕುಡಿದ ಚಹಾ ಬಿಟ್ಟು ಅವನು ಹೊರಟುಹೋದ. ಮುಂದಿನ ಎರಡು ಗುರುವಾರ ಬರಲೇ ಇಲ್ಲ.

ಯಾರ್ಮಿಲಾಳಿಗೆ ತಲೆಬುಡ ತಿಳಿಯಲಿಲ್ಲ. ಕೇಳಿದ್ದನ್ನೇ ಕೊಟ್ಟರೂ ಏನನ್ನೋ ಕಳೆದುಕೊಂಡವನ ಹಾಗೆ ನಿಂತಿದ್ದನಲ್ಲ? ಚೆನ್ನಾಗಿ ಬಂದದ್ದೇ ತಪ್ಪಾಯಿತೇ? ಮನಸ್ಸು ಒಂದು ಸಲ ಹೀಗೆನ್ನುತ್ತಿತ್ತು, ಮರುಗಳಿಗೆ ಹಾಗೆನ್ನುತ್ತಿತ್ತು.

ಒಂದು ಮಧ್ಯಾಹ್ನ ಅಂಗಡಿಯ ಗಾಜಿನಾಚೆ, ಚೌಕದಲ್ಲಿ ಅವನ ಬಸ್ಸು ನಿಂತದ್ದು ಕಂಡಿತು. ಫುಟ್‌ಪಾತಿನಲ್ಲಿ ಹಿನೆಕ್, ಎದುರಿಗೆ ರಾಡ್ಕಾ. ಅವನ ಕೈಯಲ್ಲಿ ಅದೇ ಬೆಂಕಿಪೊಟ್ಟಣ. ರಾಡ್ಕಾ ತಲೆ ಹಿಂದಕ್ಕೆಸೆದು ನಕ್ಕಳು, ಅವನ ಭುಜಕ್ಕೊಂದು ಏಟು ಕೊಟ್ಟಳು. ಆಯಿತು, ಒಂದಾದರು, ಎಂದುಕೊಂಡಳು ಯಾರ್ಮಿಲಾ. ಒಳ್ಳೆಯದಾಯಿತು ಎಂದೂ ಅಂದುಕೊಳ್ಳಲು ನೋಡಿದಳು.

"ಅಮ್ಮಾ," ಎಂದರು ಕಣ್ಣಿನ ಪರೀಕ್ಷೆಗೆ ಮುಂದೆ ಕೂತಿದ್ದ ಮುದುಕರು, "ಮೊದಲು ಬೋರ್ಡ್ ಮೇಲಿನ ಅಕ್ಷರ ಕಾಣ್ತಿರ್ಲಿಲ್ಲ. ಈ ಗಾಜು ಹಾಕಿದ್ಮೇಲೆ ಬೋರ್ಡೇ ಕಾಣ್ತಿಲ್ಲ."

ಏಪ್ರಿಲ್ ತಿಂಗಳ ಒಂದು ಶನಿವಾರ, ಊರಿನ ಸಭಾಭವನದಲ್ಲಿ ವಾರ್ಷಿಕ ಪ್ರದರ್ಶನ. ಬೆಳಗ್ಗೆ ಹತ್ತಕ್ಕೇ ಒಳಗೆಲ್ಲ ಸುಟ್ಟ ಸಾಸೇಜು, ಸಾಸಿವೆಯ ವಾಸನೆ. ಯಾರ್ಮಿಲಾ ಹಿನೆಕ್‌ನ ಮೇಜಿನ ಕಡೆ ಹೋಗುವುದಿಲ್ಲವೆಂದು ನಿರ್ಧರಿಸಿಯೇ ಬಂದಿದ್ದಳು. ಆದರೆ ಅಲ್ಲಿಂದ ನಗು ಕೇಳಿಸಿತು.

"ಟ್ಯಾಂಕು ಏನ್ ಚೆಂದ ಮಾಡಿದ್ದಾನೆ ಮಾರಾಯ! ಆದ್ರೆ ಈ ಗೂಬೆ ಯಾರು?"

ಅವಳು ಜನರ ನಡುವೆ ತಲೆ ತೂರಿಸಿದಳು. ಟ್ಯಾಂಕಿನ ಮೇಲಿನ ಕೆಸರು ಈಗಷ್ಟೇ ಒಣಗಿದ ಹಾಗಿತ್ತು. ಚಕ್ರಗಳ ಮೇಲೆ ಉದುರಿದ ನೇರಳೆ ಎಸಳುಗಳಿದ್ದವು. ಹೂ ಹಿಡಿದವಳು ಇದ್ದಳು. ಆದರೆ ರಾಡ್ಕಾಳ ಮುಖ ಇರಲಿಲ್ಲ. ಅದನ್ನು ಯಾರೋ ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅಳಿಸಿ ಮತ್ತೆ ಬರೆದಿದ್ದರು. ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ತುಟಿ ಕೆನ್ನೆಯವರೆಗೆ ಹೋಗಿತ್ತು. ಕೂದಲು ಕಪ್ಪಗೆ, ಕತ್ತಿನವರೆಗಷ್ಟೇ ಇತ್ತು. ಮೂಗಿನ ಮೇಲೆ ಕೂದಲೆಳೆಯಂಥ ತಾಮ್ರದ ತಂತಿ ಬಗ್ಗಿಸಿ ಮಾಡಿದ ದುಂಡನೆಯ ಕನ್ನಡಕ.

ಯಾರ್ಮಿಲಾ ಅರಿವಿಲ್ಲದೆ ತನ್ನ ದುಂಡು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡಳು.

ಅಂಕದ ಹಾಳೆ ಹಿಡಿದ ಸ್ವಾತೋಪ್ಲುಕ್ ಅಜ್ಜ ಹಿನೆಕ್‌ನನ್ನು ಬೈಯುತ್ತಿದ್ದರು. "ಚಿನ್ನದ ಪದಕ ಕೈಯಲ್ಲಿತ್ತು ಕಣಯ್ಯಾ! ಇದೊಂದು ಮುಖದಿಂದ ಹಾಳಾಯ್ತು. ಯಾರು ಬಳಿದಿದ್ದು ಇದನ್ನ?"

"ನಾನೇ ಅಜ್ಜ."

"ಯಾರ್ಮಿಲಾ ಸತ್ತುಹೋಗಿದ್ಲಾ?"

"ಇದೊಂದು ಮುಖ ಅವರ ಹತ್ರ ಬರೆಸೋಕಾಗಲ್ಲ. ಅವರಿಗೆ ಈ ಮುಖ ಗೊತ್ತಿಲ್ಲ."

ಅಜ್ಜ ಗೊಂಬೆಯನ್ನು ನೋಡಿದರು. ಯಾರ್ಮಿಲಾಳನ್ನು ನೋಡಿದರು. "ಓಹೋಹೋ" ಎಂದರು. ಆಮೇಲೆ ಎರಡೂ ಕೈ ಬೀಸಿ ಜನರನ್ನು ಕೋಳಿ ಅಟ್ಟಿದ ಹಾಗೆ ಅಟ್ಟಿದರು. "ನಡೀರಿ, ನಡೀರಿ, ವಿಮಾನಗಳೆಲ್ಲ ಆ ಕಡೆ ಇವೆ!"

ಇಬ್ಬರೇ ಉಳಿದರು. ಯಾರ್ಮಿಲಾಳಿಗೆ ಮೊದಲು ಬಂದದ್ದು ಸಿಟ್ಟು.

"ಗೊತ್ತೇ ಇದೆ ಅಂತ ಬರೆದಿದ್ರಲ್ಲ?"

"ಡ್ರೈವರ್‌ಗೆ ನನ್ನ ಮುಖ ಕೊಟ್ಟೋರು ನೀವು. ಅದಕ್ಕೇ ಗೊತ್ತಿರುತ್ತೆ ಅಂದ್ಕೊಂಡೆ."

"ಅಂದ್ರೆ, ನನ್ನ ಮುಖ ನಾನೇ ಬರ್ಕೊಂಡು ನಿಮಗೆ ಹೂ ಕೊಡ್ಬೇಕಿತ್ತಾ?"

ಅವನು ಯೋಚಿಸಿದ. "ಈಗ ಕೇಳಿದ್ರೆ ಸ್ವಲ್ಪ ಅತಿಯಾಯ್ತು ಅನ್ಸುತ್ತೆ."

"ಸ್ವಲ್ಪನಾ!"

"ರಾಡ್ಕಾನ ನೋಡಿದಾಗ ಅದೇ ನಿಮ್ಮ ಉತ್ತರ ಅಂದ್ಕೊಂಡೆ. ನಾನಲ್ಲ, ನಿಮಗೆ ಅವಳೇ ಸರಿ ಅಂತ."

"ಮತ್ತೆ ಚೌಕದಲ್ಲಿ ಅವಳ ಜೊತೆ ನಗ್ತಿದ್ರಿ?"

"ನಕ್ಕಿದ್ದು ಅವಳು. ಬಸ್ ಹತ್ತೋಕೆ ಬಂದಿದ್ಲು, ಗೊಂಬೆ ತೋರಿಸಿದೆ. ಈ ಮಚ್ಚೆ ನಿನಗೆ ನೆನಪಿತ್ತಾ ಅಂದ್ಲು. ಹನ್ನೊಂದು ವರ್ಷ ಸಂಸಾರ ಮಾಡಿದ್ದೀನಿ, ಇಲ್ಲ ಅಂದೆ." ಅವನು ತಲೆ ತಗ್ಗಿಸಿದ. "ಅದಕ್ಕೆ ಅವಳು, 'ದಡ್ಡಾ, ಇನ್ನೊಬ್ಬ ಹೆಂಗಸು ನನ್ನನ್ನ ಇಷ್ಟು ನೋಡಿದ್ದಾಳೆ ಅಂದ್ರೆ ನನ್ನ ಮೇಲಿನ ಆಸೆಗಲ್ಲ. ಪಕ್ಕದಲ್ಲಿ ನೀನಿದ್ದೆ, ಅದಕ್ಕೆ. ಹೋಗು' ಅಂತ ಒಂದು ಕೊಟ್ಲು."

ಯಾರ್ಮಿಲಾ ತನಗೇ ಹೇಳಿಕೊಳ್ಳದ ಮಾತನ್ನು ಆ ರಾಡ್ಕಾ ನಡುಬೀದಿಯಲ್ಲಿ ನಿಂತು ಹೇಳಿಬಿಟ್ಟಿದ್ದಳು. ಇವಳು ಗೊಂಬೆಯತ್ತ ಬಗ್ಗಿದಳು, ಮುಖ ಮರೆಸಿಕೊಳ್ಳಲು.

"ಒಂದು ಕಣ್ಣು ಫಿರಂಗಿ ನೋಡ್ತಿದೆ" ಎಂದಳು.

"ಇನ್ನೊಂದು ಡ್ರೈವರ್‌ನ ನೋಡ್ತಿದೆಯಲ್ಲ."

"ಪದಕ ಹೋಯ್ತು."

"ಹೋಗ್ಲಿ."

ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಯಾವುದನ್ನು ಮೊದಲು ಬಿಡಬೇಕೋ ಗೊತ್ತಾಗದೆ ಅವಳು ನೆಟ್ಟಗೆ ನಿಂತಳು. "ಚೀಟಿ ಬೇಡ, ಗೊಂಬೆ ಬೇಡ. ತಿಂಗಳಿಡೀ ನನ್ನ ತಲೆ ಕೆಡಿಸಿದ್ದೀರಿ. ಬಾಯಿಬಿಟ್ಟು ಹೇಳಿ."

ಹಿನೆಕ್ ಟೋಪಿ ತೆಗೆದು ಹಿಂಡಿದ. "ಯಾರ್ಮಿಲಾ ಅವರೇ, ನಾನು ನಿಮ್ಮನ್ನ..."

ಗೇಟಿಗೆ ಅಡ್ಡ ನಿಂತ ಬಿಳಿ ಕಾರಿನವರು ದಯವಿಟ್ಟು ಬರಬೇಕು ಎಂದು ಮೈಕು ಕೂಗಿತು. ಅವನು ನಿಂತುಬಿಟ್ಟ. ಮತ್ತೆ ಶುರುಮಾಡಿದ. "ನಾನು ನಿಮ್ಮನ್ನ..." ಆ 'ನಿಮ್ಮನ್ನ'ದ ಹತ್ತಿರ ಬಂದೊಡನೆ ಮಾತು ಕಟ್ಟಿಕೊಳ್ಳುತ್ತಿತ್ತು.

ಆಗ ಅವಳಿಗೆ ಹೊಳೆಯಿತು. 'ನೀವು' ಬಿಟ್ಟು 'ನೀನು' ಎನ್ನೋಣ ಎಂದು ಅವರ ನಾಡಿನ ರೂಢಿಯಲ್ಲಿ ಹೆಂಗಸೇ ಮೊದಲು ಹೇಳಬೇಕು. ಮರ್ಯಾದಸ್ಥ ಗಂಡಸು ಅಲ್ಲಿಯವರೆಗೆ ಕಾಯುತ್ತಾನೆ. ಇವನಂಥವನು ಐದು ವರ್ಷ ಕಾಯುತ್ತಾನೆ.

ಹೊಸದಾಗಿ ಪರಿಚಯ ಮಾಡಿಕೊಳ್ಳುವವಳ ಹಾಗೆ ಅವಳು ಕೈ ಚಾಚಿದಳು.

"ಯಾರ್ಮಿಲಾ. ಇನ್ಮೇಲೆ ಬರೀ ಯಾರ್ಮಿಲಾ."

ಅವನ ದೊಡ್ಡ ಅಂಗೈ ಒದ್ದೆಯಾಗಿತ್ತು. "ಹಿನೆಕ್" ಎಂದ.

"ಈಗ ಹೇಳು."

"ನಾನು ನಿನ್ನನ್ನ..." ಎಂದು ಹೇಳಿ ಅಲ್ಲೇ ನಿಂತು, ಮುಖ ತುಂಬ ನಗತೊಡಗಿದ.

"ಆಮೇಲೆ?"

"ತಾಳು. ಇನ್ನೂ 'ನಿನ್ನನ್ನ' ಅನ್ನೋದ್ರಲ್ಲೇ ಇದ್ದೀನಿ. ಮುಂದಕ್ಕೆ ಹೋಗೋಕೆ ಮನಸ್ಸಾಗ್ತಿಲ್ಲ."

ಯಾರ್ಮಿಲಾ ನಕ್ಕಳು. ಕೈ ಬಿಡಿಸಿಕೊಳ್ಳಲಿಲ್ಲ. ಹಾಗೇ ಅವನನ್ನು ಎಳೆದುಕೊಂಡು ಸಾಸೇಜಿನ ಸಾಲಿಗೆ ನಡೆದಳು. ಆ ಸಾಲಿನಲ್ಲಿ, ಮುಂದಿನ ಏಳು ಜನಕ್ಕೂ ಹಿಂದಿನ ನಾಲ್ಕು ಜನಕ್ಕೂ ಕೇಳುವಷ್ಟು ಗಟ್ಟಿಯಾಗಿ, ಹಿನೆಕ್ ಆ ವಾಕ್ಯವನ್ನು ಮುಗಿಸಿದ.