ಮೂರು ಉಸಿರಿನ ಹುಲಿ

ಬಹಳ ಹಿಂದೆ, ಮೊಲಗಳಿಗೂ ಮನುಷ್ಯರ ಹೆಸರಿದ್ದ ಕಾಲದಲ್ಲಿ, ತೊರೆಸಾಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆಲ್ಲ ಇದ್ದದ್ದು ಒಂದೇ ಚಿಲುಮೆ. ಅದನ್ನು ಬಿರುಗಣ್ಣ ಎಂಬ ಮಾಯಾವಿ ಬೆಟ್ಟದೊಳಗೆ ಮೂರು ಬಾಗಿಲ ಹಿಂದೆ ಮುಚ್ಚಿಟ್ಟಿದ್ದ. ಊರಿಗೆ ಇಳಿಯುತ್ತಿದ್ದದ್ದು ಕಿರುಬೆರಳ ಗಾತ್ರದ ನೀರು ಮಾತ್ರ.

"ವರ್ಷಕ್ಕೊಂದು ಆರು ತುಂಬಿದ ಮಗು ಕಳಿಸಿ" ಎಂದಿದ್ದ ಬಿರುಗಣ್ಣ. "ನನ್ನ ಹುಲಿ ಮೂರು ಉಸಿರು ಬಿಡುವಷ್ಟರಲ್ಲಿ ಬಾಗಿಲ ಬರಹ ಓದಿದರೆ ಬಾಗಿಲು ತೆರೆಯುತ್ತೆ. ಓದದಿದ್ದರೆ ಮಗು ನನ್ನದು. ಮಗು ಬಾರದಿದ್ದರೆ ಈ ಕಿರುಬೆರಳ ನೀರೂ ಇಲ್ಲ."

ಏಳು ವರ್ಷದಲ್ಲಿ ಏಳು ಮಕ್ಕಳು ಹೋದವು. ಏಳೂ ಬಿಳಿ ಮೊಲಗಳಾದವು. ತಾಯಂದಿರು ಬೆಟ್ಟದ ಬುಡದಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ, ಮೇಲೆ ಗರಿಕೆ ತಿನ್ನುತ್ತಿದ್ದ ಮೊಲಗಳ ಕಿವಿ ನಿಮಿರುತ್ತಿತ್ತು, ಅಷ್ಟೇ.

ಎಂಟನೆಯ ವರ್ಷ ದೊರೆ ಮಕ್ಕಳ ಹೆಸರು ಬರೆದು ಹಾಕಿದ್ದ ಗಡಿಗೆಯಿಂದ ಒಂದು ಓಲೆ ಎತ್ತಿದ. ಬಂದ ಹೆಸರು ಸಾಕಿ. ಬುಟ್ಟಿ ಹೆಣೆಯುವವರ ಮನೆಯ ಕಿರಿಮಗಳು.

ಸಾಕಿಯ ಅಕ್ಕ ದೇವೀರಿ. ಹದಿನೇಳರ ಹುಡುಗಿ, ಊರಿಗೆಲ್ಲ ತರಲೆ. ಮಠದ ಅಯ್ಯನವರ ಜುಟ್ಟನ್ನು ಕಂಬಕ್ಕೆ ಕಟ್ಟಿದವಳು, ಅವರ ನಶ್ಯದ ಡಬ್ಬಿಯಲ್ಲಿ ಕಪ್ಪೆಮರಿ ಕೂರಿಸಿದವಳು, ಎರಡನೆಯ ವರ್ಷಕ್ಕೇ ಓದು ಬಿಟ್ಟು ಓಡಿದವಳು. ಅಂಥ ದೇವೀರಿ ಆ ದಿನ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದಳು. ತಂಗಿಯ ಕೈ ಹಿಡಿದು ನೇರ ಮಠಕ್ಕೆ ಹೋದಳು.

"ಹೆದರಬೇಡ ಕಣೇ" ಎಂದರು ವಿರೂಪಾಕ್ಷಯ್ಯನವರು, ಜುಟ್ಟು ಮುಟ್ಟಿ ನೋಡಿಕೊಳ್ಳುತ್ತಾ. "ನಿನ್ನ ತಂಗಿಗೆ ಐವತ್ತೆರಡು ಅಕ್ಷರವೂ ಬಾಯಿಗೆ ಬರುತ್ತೆ. ನೀರು ಕುಡಿದ ಹಾಗೆ."

ದೇವೀರಿ ಹೆಂಚಿನ ಚೂರಿನ ಮೇಲೆ ಇದ್ದಿಲಿನಿಂದ 'ಸ' ಎಂದು ಬರೆದಳು. "ಇದೇನೇ ಸಾಕಿ?"

ಸಾಕಿ ಗೋಡೆಯ ಅಕ್ಷರಸಾಲಿನ ಮೇಲೆ ಬೆರಳಿಟ್ಟು, ತೂಗಾಡುತ್ತಾ ರಾಗ ಶುರುಮಾಡಿದಳು. ಅ, ಆ, ಇ, ಈ... ಬೆರಳು ಓಡಿತು, ರಾಗ ಓಡಿತು. ಕೊನೆಗೆ ಗೋಡೆಯಲ್ಲಿ ಅದೇ ಆಕಾರ ಸಿಕ್ಕಾಗ ನಿಂತು, "ಸ!" ಎಂದಳು.

ದೇವೀರಿ ಅಷ್ಟರೊಳಗೆ ಹದಿನೆಂಟು ಉಸಿರು ಎಣಿಸಿದ್ದಳು.

"ಅಯ್ಯನವರೇ, ಬೆಟ್ಟದಲ್ಲಿ ಗೋಡೆ ಇರಲ್ಲ. ಹುಲಿ ಬಿಡೋದು ಮೂರೇ ಉಸಿರು. ಈ ರಾಗಾನ ಒಡೆದುಬಿಡೋಣ."

"ಬಿಡ್ತು ಅನ್ನು! ಇದು ಸರಸ್ವತಿಯ ಮಾಲೆ. ನಡುವೆ ಹರೀಬಾರದು, ನಿಂತರೆ ಮತ್ತೆ ಅ ಇಂದಲೇ ಶುರು. ನಮ್ಮ ಮುತ್ತಜ್ಜನ ಕಾಲದ ಪದ್ಧತಿ."

"ಏಳು ಮಕ್ಕಳೂ ಹಾಗೇ ಹಾಡ್ತಾ ಹೋದ್ವಾ?"

ಅಯ್ಯನವರು ಬೆಟ್ಟದ ಕಡೆ ನೋಡಿ ಕಣ್ಣು ಕೆಳಗೆ ಹಾಕಿದರು.

ಉಳಿದದ್ದು ಒಂಬತ್ತು ದಿನ. ದೇವೀರಿ ಅರ್ಧಂಬರ್ಧ ಕಲಿತವಳಾದರೂ ಅವಳಿಗೆ ಒಂದು ವಿದ್ಯೆ ಗೊತ್ತಿತ್ತು. ತಂಟೆ ಮಾಡಿದ್ದಕ್ಕೆ ಅಯ್ಯನವರು ಅವಳಿಗೆ ದಿನಾ ಒಂದೇ ಶಿಕ್ಷೆ ಕೊಡುತ್ತಿದ್ದರು: ಸಂಜೆ ಮಕ್ಕಳು ಮರಳಲ್ಲಿ ತಿದ್ದಿದ ಅಕ್ಷರಗಳನ್ನು ಅಳಿಸಿ ಹಸನು ಮಾಡುವುದು. ಅಳಿಸುವವಳಿಗೆ ಸಾಲು ಯಾವುದು, ಮೊದಲು ಯಾವುದು? ಇಲ್ಲೊಂದು, ಅಲ್ಲೊಂದು ಅಳಿಸಿ ಅಳಿಸಿ ಅವಳಿಗೆ ಪ್ರತಿ ಅಕ್ಷರದ ಮುಖವೂ ಬೇರೆಬೇರೆಯಾಗಿ ಗುರುತಾಗಿತ್ತು.

"ಹಾಡು ಬೇಡ, ಆಟ ಆಡೋಣ ಬಾ" ಎಂದಳು.

ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆದಳು. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ, ಸಾಲು ತಪ್ಪಿಸಿ. ಬಿಲ್ಲೆ ಬಿದ್ದ ಮನೆಯ ಸದ್ದು ಕೂಗಿಯೇ ಕುಪ್ಪಳಿಸಬೇಕು. 'ಸ' ಅಂದರೆ ಹಾವು, ಸ್ಸ್ಸ್! 'ಝ' ಅಂದರೆ ಜೇನುನೊಣ. 'ಘ' ಅಂದರೆ ಅಯ್ಯನವರ ಗೊರಕೆ. ಆಮೇಲೆ ಎಲೆಯ ಟೋಪಿ ಹೆಣೆದಳು. ಅಕ್ಷರದ ತಲೆಗೆ ಗುಡಿಸು ಬಂದರೆ ಸಾಕಿಯ ತಲೆಗೂ ಟೋಪಿ, ಗ ಹೋಗಿ ಗಿ ಎಂದು ಕಿರುಚಬೇಕು. ಕೊಂಬು ಬಂದರೆ ಎರಡು ಬೆರಳು ಕೊಂಬಿನಂತೆ ಹಿಡಿದು, ಡ ಹೋಗಿ ಡು ಎಂದು ಗುಮ್ಮಬೇಕು. ಇನ್ನೊಂದು ಆಟ ಢಿಕ್ಕಿಯದು. ಸಾಕಿ ಒಂದು ಕಡೆಯಿಂದ 'ಮ' ಹಿಡಿದು ಓಡಿ ಬರಬೇಕು, ದೇವೀರಿ ಇನ್ನೊಂದು ಕಡೆಯಿಂದ 'ರ' ಹಿಡಿದು. ಮ... ರ... ಮ.ರ. ಢಿಕ್ಕಿ!

"ಮರ!" ಎಂದು ಸಾಕಿ ಬಿದ್ದು ಬಿದ್ದು ನಕ್ಕಳು.

ಮಾತು ಸಾಲದೆ ಬಂದಾಗ ದೇವೀರಿ ಇಲ್ಲದ ಬೈಗುಳ ಹುಟ್ಟಿಸಿ ಬರೆಯುತ್ತಿದ್ದಳು. "ಓದು ನೋಡೋಣ, ನಿನ್ನ ಹೊಸ ಹೆಸರು."

"ಪು...ಟಿ...ಮ...ಡು...ಸು. ಪುಟಿಮಡುಸು! ನೀನೇ ಪುಟಿಮಡುಸು ಹೋಗಕ್ಕಾ!"

ತಂಗಿ ನಗುತ್ತಿದ್ದಳು. ದೇವೀರಿಯೂ ನಗುತ್ತಿದ್ದಳು, ಆದರೆ ಒಳಗೊಳಗೇ ಯೋಚಿಸುತ್ತಿದ್ದಳು: ನಾನೇ ಅರ್ಧ ಕಲಿತವಳು. ಒಂದು ಅಕ್ಷರ ತಪ್ಪು ಹೇಳಿಕೊಟ್ಟಿದ್ದರೆ? ಅವ್ವ ಸಾಕಿಯ ಲಂಗಕ್ಕೆ ಹೊಲಿಗೆ ಹಾಕುತ್ತಿದ್ದಳು. ಹರಿಯದ ಕಡೆಯೂ ಹಾಕುತ್ತಿದ್ದಳು.

ಒಂಬತ್ತನೆಯ ದಿನ ಇಬ್ಬರೂ ಬೆಟ್ಟ ಹತ್ತಿದರು. ಬಿರುಗಣ್ಣ ಬಂಡೆಯ ಮೇಲೆ ಕೂತಿದ್ದ. ಅವನ ಕಣ್ಣು ಎರಡು ತಟ್ಟೆಯಷ್ಟಿದ್ದವು.

"ಅಕ್ಕನೂ ಬಂದಳೋ? ಬರಲಿ. ಅವಳ ಬಾಯಿಂದ ಒಂದು ಸದ್ದು ಹೊರಟರೆ ಇಬ್ಬರೂ ಮೊಲ. ನನಗೆ ಲಾಭವೇ."

ದೇವೀರಿ ಸೆರಗಿನ ತುದಿ ಬಾಯಿಗೆ ತುರುಕಿಕೊಂಡಳು.

ಮೊದಲನೆಯ ಬಾಗಿಲು. ಹುಲಿ ಎದ್ದು ನಿಂತಿತು, ಬಾಗಿಲ ಬರಹ ಅದರ ಹಣೆಯ ಮೇಲೆ ಮೂಡಿತು: ಸ. ಹುಲಿ ಒಂದು ಉಸಿರು ಬಿಟ್ಟಿತು. ಸಾಕಿ ಹೆದರಿಕೆಯಲ್ಲಿ ತೂಗಾಡತೊಡಗಿದಳು. "ಅ, ಆ, ಇ, ಈ..." ಎರಡನೆಯ ಉಸಿರು. "ಉ, ಊ..." ಸಾಕಿ ತಟ್ಟನೆ ನಿಂತಳು. ಮಾಲೆ ಹರಿದುಬಿಟ್ಟಳು. ಬಗ್ಗಿ ಕಲ್ಲೊಂದನ್ನು ಬಿಲ್ಲೆಯಂತೆ ಎಸೆದು ಒಂಟಿ ಕಾಲಲ್ಲಿ ಕುಪ್ಪಳಿಸಿ, "ಸ್ಸ್ಸ... ಸ!" ಎಂದಳು. ಮೂರನೆಯ ಉಸಿರು ಅರ್ಧಕ್ಕೇ ನಿಂತಿತು. ಹುಲಿ ಬೆಕ್ಕಿನಂತೆ ಮುದುಡಿ ಮಲಗಿತು, ಬಾಗಿಲು ತೆರೆಯಿತು.

ಎರಡನೆಯ ಬಾಗಿಲು. ಅಲ್ಲಿ ಕರಡಿ. ಎದೆಯ ಮೇಲೆ ಮೂರು ಅಕ್ಷರ. ಸಾಕಿ ಮೊದಲನೆಯದಕ್ಕೆ ಎರಡೂ ಕೈ ಟೋಪಿಯಂತೆ ತಲೆಯ ಮೇಲಿಟ್ಟುಕೊಂಡು, "ಗಿ" ಎಂದಳು. ಹಿಂದೆ ಮಲಗಿದ್ದ ಹುಲಿಯ ಉಸಿರು ಕೇಳಿಸಿತು, ಒಂದು. ಬೆರಳುಗಳ ಕೊಂಬು ಹಿಡಿದು, "ಡು". ಎರಡು. "ಗ". ಮೂರೂ ಬೇರೆಬೇರೆ ನಿಂತವು. ಸೇರಲೊಲ್ಲವು. ದೇವೀರಿಯ ಹಲ್ಲು ಸೆರಗನ್ನು ಕಚ್ಚಿ ಹರಿಯಿತು. ಸಾಕಿ ಎರಡು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಕರಡಿಯ ಹೊಟ್ಟೆಗೇ ಢಿಕ್ಕಿ ಹೊಡೆದಳು.

"ಗಿಡುಗ!"

ಕರಡಿ ಗಿಡುಗವಾಗಿ ಹಾರಿಹೋಯಿತು.

ಮೂರನೆಯ ಬಾಗಿಲಿಗೆ ಬಿರುಗಣ್ಣನೇ ಅಡ್ಡ ನಿಂತ. ಬಾಗಿಲು ಮುಚ್ಚಿದ ಮಂತ್ರವನ್ನು ಬಾಗಿಲ ಮೇಲೇ ಬರೆಯಬೇಕು, ಇಲ್ಲದಿದ್ದರೆ ಮಾಯೆ ನಿಲ್ಲದು. ಅದಕ್ಕೇ ಅವನು ಯಾರೂ ಕೇಳಿರದ, ಅರ್ಥವೇ ಇಲ್ಲದ ಮಾತನ್ನು ಹುಡುಕಿ ಇಟ್ಟಿದ್ದ.

"ಯೋಚಿಸು ಮಗಳೇ" ಎಂದ ಬೆಲ್ಲದಂಥ ದನಿಯಲ್ಲಿ. "ಮನೆಯಲ್ಲಿರೋ ವಸ್ತುವೋ? ಕಾಡಿನ ಪ್ರಾಣಿಯೋ? ಊಹೆ ಮಾಡು."

ಒಂದು ಉಸಿರು. ಸಾಕಿ ಹಣೆ ಗಂಟಿಕ್ಕಿದಳು. "ಘಂಟೆಯಾ?"

"ಅಲ್ಲ" ಎಂದು ಬಿರುಗಣ್ಣ ನಕ್ಕ. ಸಾಕಿಯ ಕಿವಿಗಳು ಬೆಳ್ಳಗೆ ಉದ್ದವಾಗತೊಡಗಿದವು. ದೇವೀರಿಯ ಎದೆಯಲ್ಲಿ ಕೂಗು ಎದ್ದು ಗಂಟಲಿಗೆ ಬಂತು. ನುಂಗಿಕೊಂಡಳು. ಕೂಗಿದರೆ ಇಬ್ಬರೂ ಹೋಗುತ್ತಾರೆ. ಅವಳಿಂದ ಆದದ್ದು ಒಂದೇ: ತಂಗಿಯ ಕಡೆ ತಿರುಗಿ, ಅಂಗಳದಲ್ಲಿ ಮಾಡುತ್ತಿದ್ದಂತೆ ಮೂಗು ಸೊಟ್ಟ ಮಾಡಿ ಅಣಕಿಸಿದಳು.

ಎರಡು ಉಸಿರು. ಸಾಕಿ ಅಕ್ಕನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಊಹೆ ಬಿಟ್ಟಳು.

"ಘ... ಟೂ... ಝ... ಮಿ... ಡು." ಕಿಸಕ್ಕನೆ ನಕ್ಕಳು. "ಘಟೂಝಮಿಡು! ಇಷ್ಟೇನಾ? ನಮ್ಮಕ್ಕ ಇದಕ್ಕಿಂತ ಚೆನ್ನಾಗಿ ಬೈತಾಳೆ!"

ಬಾಗಿಲು ಒಡೆಯಿತು. ನೀರು ನುಗ್ಗಿತು. ಸಾಕಿಯ ಕಿವಿಗಳು ಮೊದಲಿನಂತಾದವು. ಬಿರುಗಣ್ಣ ಕುಗ್ಗಿ ಕುಗ್ಗಿ ಒಂದು ಬೊಗಸೆ ಮರಳಾದ. ದೇವೀರಿ ಸೆರಗು ಉಗಿದು ತಂಗಿಯನ್ನು ತಬ್ಬಿ, ಒಂಬತ್ತು ದಿನದ ಅಳುವನ್ನು ಒಂದೇ ಸಲಕ್ಕೆ ಅತ್ತಳು. ಗರಿಕೆಯ ನಡುವಿನಿಂದ ಏಳು ಮಕ್ಕಳು ಎದ್ದು ಬಂದವು. ತಾಯಂದಿರು ಹೆಸರು ಕೂಗಿದಾಗ ಈ ಸಲ ಓಡಿದವು.

ಅಂದಿನಿಂದ ತೊರೆಸಾಲಿನಲ್ಲಿ ಮನೆಮನೆಗೂ ನೀರು, ಅಂಗಳ ಅಂಗಳದಲ್ಲೂ ಕುಂಟೆಬಿಲ್ಲೆ. ವಿರೂಪಾಕ್ಷಯ್ಯನವರು ಪಂಚೆ ಎತ್ತಿ ಕಟ್ಟಿ, ಒಂಟಿ ಕಾಲಲ್ಲಿ 'ಘ' ಮನೆಗೆ ಹಾರುತ್ತಾರೆ. ಆ ಗೊರಕೆ ಯಾರದೆಂದು ಅವರಿಗೆ ಯಾರೂ ಹೇಳಿಲ್ಲ. ಒತ್ತಕ್ಷರ ಕಲಿಯುವ ಮುಂಚೆಯೇ ಓಡಿದ್ದ ದೇವೀರಿ, ಈಗ ಸಾಕಿಯ ಪಕ್ಕದಲ್ಲಿ ಕೂತು ಕಲಿಯುತ್ತಾಳೆ.

ಅವರು ತಿದ್ದುವ ಮರಳು ಬಿರುಗಣ್ಣನೇ. ದಿನವೆಲ್ಲಾ ಮಕ್ಕಳು ಅವನ ಮೇಲೆ ಬರೆಯುತ್ತಾರೆ. ಸಂಜೆಯಾದರೆ ದೇವೀರಿ, ಯಾರೂ ಶಿಕ್ಷೆ ಕೊಡದಿದ್ದರೂ, ಅಂಗೈಯಿಂದ ಒರೆಸಿ ಅವನನ್ನು ಹಸನು ಮಾಡುತ್ತಾಳೆ.