ಕಾರಿನ ಕಣ್ಣಿಗೆ ಕಾಡಿಗೆ

ಬೊಟ್ಟು ಈಗ ಒಂದು ರೂಪಾಯಿ ನಾಣ್ಯದಷ್ಟಾಗಿತ್ತು. ಕೈನಾತ್ ಬೆರಳನ್ನು ಮತ್ತೆ ಡಬ್ಬಿಗೆ ಅದ್ದಿದಳು. ಕಾಡಿಗೆ ಮೆತ್ತಗೆ, ಜಿಡ್ಡುಜಿಡ್ಡಾಗಿ ಬೆರಳಿಗೆ ಅಂಟಿತು. ಕಾರಿನ ಲೈಟಿನ ಗಾಜಿನ ಮೇಲೆ ಇನ್ನೊಂದು ಸುತ್ತು ಹಾಕಿದಳು. ಬೊಟ್ಟು ಪೂರಿಯಷ್ಟಾಯಿತು.

"ಕೈನಾ, ಟೀಗೆ ಸಕ್ರೆ ಜಾಸ್ತಿನಾ, ಕಮ್ಮಿನಾ?" ಒಳಗಿನಿಂದ ಗೆಳತಿ ಅಂಜಲಿ ಕೂಗಿದಳು.

"ಜಾಸ್ತಿ!"

ಕೈನಾತ್ ಕುಕ್ಕರಗಾಲಿನಲ್ಲೇ ಸರಿದು ಕಾರಿನ ಇನ್ನೊಂದು ಲೈಟಿನ ಮುಂದೆ ಕೂತಳು. ಇಲ್ಲಿ ಸುತ್ತು ಹಾಕುವಷ್ಟು ತಾಳ್ಮೆ ಇರಲಿಲ್ಲ. ಅಂಗೈಗೇ ಕಾಡಿಗೆ ಬಳಿದುಕೊಂಡು ಗಾಜಿಗೆ ಸವರಿಬಿಟ್ಟಳು.

ಅದು ಅಂಜಲಿಯ ಅಪ್ಪ ಕನಕರಾಜ್ ಮಾಮನ ಕಾರು. ಹಳೇ ಕಾರೇ. ಯಾರಿಂದಲೋ ಕೊಂಡದ್ದು. ಬಾಗಿಲು ಹಾಕಬೇಕಾದರೆ ಎರಡು ಸಲ ಗುದ್ದಬೇಕು. ಅದನ್ನು ಕಂಡು ಯಾರೂ ಯಾವತ್ತೂ "ವಾವ್" ಅಂದದ್ದಿಲ್ಲ. ಆದರೆ ಹೋದ ವಾರ ಮಾಮ ಅದಕ್ಕೆ ಹೊಸ ಬಲ್ಬು ಹಾಕಿಸಿಕೊಂಡು ಬಂದ. ಎಲ್‌ಇಡಿ ಬಲ್ಬು. ಹಾಲಿನಷ್ಟು ಬಿಳಿ.

ಅಲ್ಲಿಂದ ಶುರುವಾಯಿತು ಎಲ್ಲಾ.

ಅದಕ್ಕೆ ಮೊದಲು ಬೀದಿಯಲ್ಲಿ ಕರೆಂಟ್ ಹೋದರೆ ಮಕ್ಕಳೆಲ್ಲ ಓಡಿ ಬರುತ್ತಿದ್ದದ್ದು ಕೈನಾತ್ ಮನೆಯ ಮುಂದಕ್ಕೆ. ಅವಳ ಅಬ್ಬಾ ಮುಝಫರ್ ಬಳೆ ವ್ಯಾಪಾರಿ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಅಂತ ಸಂತೆಯಿಂದ ಸಂತೆಗೆ ಓಮ್ನಿಯಲ್ಲಿ ಬಳೆ ತುಂಬಿಕೊಂಡು ಹೋಗುತ್ತಿದ್ದ. ಮನೆಯಲ್ಲಿದ್ದ ದಿನ ಕರೆಂಟ್ ಹೋದರೆ ಓಮ್ನಿಯ ಲೈಟು ಹಾಕಿ ಕೊಡುತ್ತಿದ್ದ. ಆ ಹಳದಿ ಬೆಳಕಿನಲ್ಲಿ ಮಕ್ಕಳು ಗೋಡೆಯ ಮೇಲೆ ಕೈನೆರಳಿನ ನಾಯಿ, ಹದ್ದು, ಮೊಲ ಮಾಡುತ್ತಿದ್ದರು. ಯಾರ ಸರದಿ ಮೊದಲು, ಯಾರದು ಆಮೇಲೆ, ಎಲ್ಲ ಕೈನಾತ್ ಹೇಳಿದಂತೆ. ಓಮ್ನಿ ಅವಳದಲ್ಲವೇ?

ಹೋದ ವಾರ ಕರೆಂಟ್ ಹೋದಾಗ ಕೈನಾತ್ ಮೆಟ್ಟಿಲ ಮೇಲೆ ಕಾದು ಕೂತಿದ್ದಳು. ಒಬ್ಬರೂ ಬರಲಿಲ್ಲ. ಬೀದಿಯ ಆ ತುದಿಯಲ್ಲಿ ಹಗಲಾದಂತೆ ಬೆಳಕು. ಅಲ್ಲಿ ಹೋಗಿ ನೋಡಿದರೆ ಮಕ್ಕಳು ಶಟಲ್ ಆಡುತ್ತಿದ್ದಾರೆ! ರಾತ್ರಿಯಲ್ಲಿ! ಕಾಕ್ ಮೇಲೆ ಹೋಗುವುದೂ ಕಾಣುತ್ತಿದೆ, ಕೆಳಗೆ ಬೀಳುವುದೂ ಕಾಣುತ್ತಿದೆ.

"ನಮ್ಮ ಲೈಟಿನಾಗೆ ಇರುವೆನೂ ಕಾಣ್ತೈತೆ," ಎಂದು ಅಂಜಲಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು. "ಬಾ ಕೈನಾ. ಆದ್ರೆ ಫೈಜಾನ್ ಆದ್ಮೇಲೆ ನಿಂದು."

"ನಮ್ಮ ಓಮ್ನಿ ಲೈಟಿನಾಗೂ ಆಡ್ಬೌದು," ಎಂದಳು ಕೈನಾತ್.

ಪಕ್ಕದ ಮನೆಯ ಫೈಜಾನ್ ಬ್ಯಾಟು ತಿರುಗಿಸುತ್ತಾ ನಕ್ಕ. "ನಿಮ್ಮ ಓಮ್ನಿಗೆ ಕಾಮಾಲೆ ಆಗೈತೆ ಕಣೇ. ಕಣ್ಣೆಲ್ಲ ಹಳದಿ. ಮೊದ್ಲು ಔಷಧಿ ಕೊಡ್ಸು ಹೋಗು!"

ಎಲ್ಲರೂ ನಕ್ಕರು. ಅಂಜಲಿಯೂ ನಕ್ಕಳು. ಅದೇ ಹೆಚ್ಚು ಚುಚ್ಚಿದ್ದು.

"ಅಬ್ಬಾ, ನಮಗೂ ಬಿಳಿ ಬಲ್ಬ್ ಹಾಕ್ಸು," ಎಂದು ಕೈನಾತ್ ಅವತ್ತೇ ಹಟ ಹಿಡಿದಳು. ಅಬ್ಬಾ, "ನೋಡಾಣ," ಎಂದ. ಮಾರನೇ ದಿನ ಕೇಳಿದರೂ "ನೋಡಾಣ." ಊಟಕ್ಕೆ ಕೂತಾಗ ಕೇಳಿದರೂ "ನೋಡಾಣ." ಅಬ್ಬಾನ ಬಾಯಲ್ಲಿ ನೋಡಾಣ ಅಂದರೆ ಆಗಲ್ಲ ಅಂತ ಕೈನಾತ್‌ಗೆ ಚೆನ್ನಾಗಿ ಗೊತ್ತಿತ್ತು.

ಇವತ್ತು ಅಮಾವಾಸ್ಯೆ. ಸಂಜೆ ಅಂಜಲಿಯ ಅಜ್ಜಿ ನಿಂಗಕ್ಕ ತಾನೇ ಮಾಡಿದ ಕಾಡಿಗೆಯ ಡಬ್ಬಿ ಹಿಡಿದು ಕಾರಿನ ಹತ್ತಿರ ಬಂದಳು. ಹರಳೆಣ್ಣೆ ದೀಪದ ಮಸಿ ಹಿಡಿದು, ಎಣ್ಣೆ ಕಲಸಿ ಮಾಡಿದ ಕಾಡಿಗೆ. ಬಗ್ಗಿ, ಎರಡೂ ಲೈಟಿನ ಮೂಲೆಗೆ ಎಳ್ಳಿನಷ್ಟು ಬೊಟ್ಟು ಇಟ್ಟಳು.

"ಕೂಸಿನ ಕೆನ್ನೆಗೆ ಇಡಲ್ವಾ, ಹಂಗೆ," ಎಂದಳು. "ಬೀದಿ ಕಣ್ಣೆಲ್ಲ ಇದರ ಮ್ಯಾಗೇ ಐತೆ. ಕೈನಾ, ಈ ಡಬ್ಬಿ ಹಿಡ್ಕಂಡಿರವ್ವ. ಟೀ ಇಟ್ಟು ಬತ್ತೀನಿ."

ಅಂಜಲಿ ಅಜ್ಜಿಯ ಹಿಂದೆ ಹೋದಳು. ಕೈನಾತ್ ಒಬ್ಬಳೇ ಉಳಿದಳು. ಕೈಯಲ್ಲಿ ಡಬ್ಬಿ, ಎದುರಿಗೆ ಆ ಎರಡು ಲೈಟು. ಮೊದಲು ಬೊಟ್ಟನ್ನು ಸ್ವಲ್ಪವೇ ದಪ್ಪ ಮಾಡೋಣ ಅಂದುಕೊಂಡಳು. ಸ್ವಲ್ಪವೇ. ತಮಾಷೆಗೆ. ಟೀ ಕುಡಿದ ಮೇಲೆ ಒರೆಸಿದರಾಯಿತು.

ಎರಡೂ ಗಾಜು ಕಪ್ಪಾದಾಗ ಕನಕರಾಜ್ ಮಾಮ ಫೋನ್ ಕಿವಿಗೆ ಒತ್ತಿಕೊಂಡು ಹೊರಗೆ ಓಡಿ ಬಂದ.

"ಹೊಂಟೆ ಅಪ್ಪಾ, ಹೊಂಟೆ! ನೀನು ಅದನ್ನ ಮಲಗಿಸ್ಕಂಡಿರು. ಎಳೀಬ್ಯಾಡ."

ಅಂಜಲಿಯ ತಾತ ಚಿತ್ರಲಿಂಗಪ್ಪ ಕುರಿಮಂದೆ ಹೊಡೆದುಕೊಂಡು ಹೊಳಲ್ಕೆರೆಯ ಆಚೆ ಹೊಲದಲ್ಲಿ ಬಿಡಾರ ಹೂಡಿದ್ದ. ಅಲ್ಲಿ ಯಾವುದೋ ಕುರಿಗೆ ಮರಿ ಹಾಕುವುದು ಕಷ್ಟವಾಗಿತ್ತು. ಮಾಮ ಹಿಂದಿನ ಬಾಗಿಲು ತೆಗೆದು ಕಂಬಳಿ ಎಸೆದ. ಅಷ್ಟರಲ್ಲಿ ಅಂಜಲಿ, "ನಾನೂ ಬತ್ತೀನಿ, ಮರಿ ನೋಡ್ಬೇಕು," ಎಂದು ಹಾರಿ ಮುಂದಿನ ಸೀಟಿನಲ್ಲಿ ಕೂತಳು.

ಕೈನಾತ್ ಕಾರಿನ ಮುಂದೆಯೇ ನಿಂತಿದ್ದಳು. ಕೈ ಬೆನ್ನ ಹಿಂದೆ.

"ಮಾಮಾ..."

"ಏನವ್ವ? ಬೇಗ ಹೇಳು."

"ಏನಿಲ್ಲ," ಎಂದಳು ಕೈನಾತ್.

ಕಾರು ಹಿಂದಕ್ಕೆ ಹೋಗಿ, ತಿರುಗಿ, ಬೀದಿ ದಾಟಿತು. ಇನ್ನೂ ಬೆಳಕಿತ್ತು. ಮಾಮ ಲೈಟು ಹಾಕಿರಲಿಲ್ಲ.

ನಿಂಗಕ್ಕ ಟೀ ಹಿಡಿದು ಬಂದಾಗ ಡಬ್ಬಿ ಮೆಟ್ಟಿಲ ಮೇಲಿತ್ತು. ಕೈನಾತ್ ಇರಲಿಲ್ಲ.

ಮನೆಯಲ್ಲಿ ಕೈನಾತ್ ಸೋಪು ಹಾಕಿ ಕೈ ತಿಕ್ಕಿದಳು. ಕಪ್ಪು ಹರಡಿತೇ ಹೊರತು ಹೋಗಲಿಲ್ಲ. ಮತ್ತೆ ತಿಕ್ಕಿದಳು. ಪಡಸಾಲೆಯಲ್ಲಿ ಅಬ್ಬಾನ ತಾಯಿ, ದಾದಿ ತಾಜ್ ಬೀ, ಬಳೆಗಳನ್ನು ದಾರಕ್ಕೆ ಕಟ್ಟುತ್ತಾ ಕೂತಿದ್ದಳು.

"ಏನೇ ಅದು? ಸೋಪೆಲ್ಲ ಖಾಲಿ ಮಾಡ್ತೀಯಾ?"

"ಕಾಡಿಗೆ, ದಾದಿ."

"ಎಣ್ಣೆ ಕಾಡಿಗೆ ಸೋಪಿಗೆ ಹೋಗ್ತೈತಾ? ಕೊಬ್ಬರಿ ಎಣ್ಣೆ ಹಚ್ಚು, ಹುಚ್ಚಿ. ಕಣ್ಣಿಗೆ ಹಚ್ಕಳೋದು ಬಿಟ್ಟು ಅಂಗೈಗೆ ಯಾರು ಹಚ್ಕಂತಾರೆ?"

ಎಣ್ಣೆ ಹಚ್ಚಿದಾಗ ಅಂಗೈ ಬೆಳ್ಳಗಾಯಿತು. ಉಗುರಿನ ಸಂದಿಯ ಕಪ್ಪು ಮಾತ್ರ ಹಾಗೇ ಉಳಿಯಿತು.

ಕತ್ತಲಾಯಿತು. ಆಗ ಕೈನಾತ್‌ಗೆ ಇನ್ನೊಂದು ನೆನಪಾಯಿತು. ಇವತ್ತು ಅಬ್ಬಾ ಹೊಸದುರ್ಗದ ಸಂತೆಗೆ ಹೋಗಿದ್ದಾನೆ. ಬರುವುದೂ ಹೊಳಲ್ಕೆರೆ ರೋಡಿನಲ್ಲೇ. ಮಾಮ ಆ ಕಡೆ, ಅಬ್ಬಾ ಈ ಕಡೆ. ಮಾಮನ ಕಾರಿಗೆ ಕಣ್ಣು ಕಾಣುವುದಿಲ್ಲ. ಒಳಗೆ ಅಂಜಲಿ ಕೂತಿದ್ದಾಳೆ.

ಅವಳು ಹೊಸಿಲ ಮೇಲೆ ಕೂತಳು. ರೋಡಿನಿಂದ ಬೀದಿಗೆ ಯಾವ ಗಾಡಿ ತಿರುಗಿದರೂ ಅದರ ಬೆಳಕು ಮೊದಲು ಎದುರು ಮನೆಯ ಗೋಡೆಗೆ ಬೀಳುತ್ತದೆ. ಗೋಡೆ ಬೆಳ್ಳಗಾಯಿತು. ಬೈಕು. ಮತ್ತೆ ಬೆಳ್ಳಗಾಯಿತು. ಯಾರದೋ ಕಾರು. ಇನ್ನೊಂದು, ಅದೂ ಬಿಳಿ.

"ಒಳಗೆ ಬಾರೇ, ಊಟ ಮಾಡು," ಎಂದು ಅಮ್ಮಿ ಅಡುಗೆಮನೆಯಿಂದ ಕರೆದಳು.

"ಹಸಿವಿಲ್ಲ."

ಬಹಳ ಹೊತ್ತಾದ ಮೇಲೆ ಗೋಡೆಯ ಮೇಲೆ ಹಳದಿ ಬೆಳಕು ಬಿತ್ತು. ಮಂಕು, ಕಾಮಾಲೆ ಹಳದಿ. ಎಡಗಡೆಯ ಲೈಟು ಎಂದಿನಂತೆ ಸ್ವಲ್ಪ ನೆಲ ನೋಡುತ್ತಿತ್ತು. ಓಮ್ನಿ ಇನ್ನೂ ನಿಂತಿರಲಿಲ್ಲ, ಕೈನಾತ್ ಅದರ ಪಕ್ಕದಲ್ಲಿ ಓಡುತ್ತಿದ್ದಳು.

"ಏಯ್, ಚಕ್ರಕ್ಕೆ ಸಿಕ್ಕೀಯ! ಏನಾತು?" ಅಬ್ಬಾ ಇಳಿದ.

"ಏನಿಲ್ಲ. ದಾರಿಯಾಗೆ ಕನಕರಾಜ್ ಮಾಮ ಸಿಕ್ನಾ?"

"ಸಿಕ್ದ. ಹೊಳಲ್ಕೆರೆ ಹತ್ರ ಅವನ ಕಾರು ಎದುರಿಗೆ ಬಂತು. ಅದನ್ನೇ ನಿಮ್ಮ ದಾದಿಗೆ ಹೇಳ್ಬೇಕು ಅನ್ಕಂಡಿದ್ದೆ." ಅಬ್ಬಾ ಬಳೆ ಪೆಟ್ಟಿಗೆ ಇಳಿಸುತ್ತಾ ದಾದಿಯ ಕಡೆ ತಿರುಗಿದ. "ಆ ಬಿಳಿ ಲೈಟು ಎದುರಿಗೆ ಬಂದ್ರೆ ನಂಗೆ ರೋಡೇ ಕಾಣ್ತಿರ್ಲಿಲ್ಲ, ಅಮ್ಮಾ. ಮೊನ್ನೆ ಗಾಡಿ ಸೈಡಿಗೆ ಹಾಕಿ ಕಣ್ಮುಚ್ಕಂಡು ಕುಂತಿದ್ದೆ. ಇವತ್ತು ಏನ್ ಮಾಡ್ಸಿದ್ನೋ ಏನೋ, ಕಣ್ಣಿಗೆ ಹೊಡೀಲೇ ಇಲ್ಲ. ಆರಾಮಾಗಿ ಬಂದೆ."

"ಅವನಿಗೆ ಒಂದು ಮಾತು ಹೇಳ್ಬಾರ್ದಾ?" ಎಂದಳು ದಾದಿ.

"ಏನಂತ ಹೇಳ್ಲಿ? ಬಲ್ಬು ಹಾಕಿದ್ಮೇಲೆ ಲೈಟನ್ನ ಸ್ವಲ್ಪ ಕೆಳಕ್ಕೆ ತಿರುಗಿಸ್ಕಂಡ್ರೆ ಸಾಕು. ಆದ್ರೆ ಎಷ್ಟು ಖುಷಿಯಿಂದ ಹಾಕ್ಸ್ಯಾನೆ. ನಾನು ಹೋಗಿ ಹೇಳಿದ್ರೆ ಮುಝಫರ್ ಭಾಯ್‌ಗೆ ಹೊಟ್ಟೆಕಿಚ್ಚು ಅನ್ಕಳಲ್ವಾ?"

ಕೈನಾತ್ ಬಗ್ಗಿ, ಕೆಳಗೆ ಬಿದ್ದಿರದ ಬಳೆಯನ್ನು ಹುಡುಕಿದಳು.

"ಅಬ್ಬಾ, ಅಂಜಲಿ ಇದ್ಲಾ ಕಾರಿನಾಗೆ?"

"ಕತ್ತಲಾಗೆ ಯಾರ್ ಕಾಣ್ತಾರೆ? ನಡಿ, ಊಟ ಮಾಡಾಣ."

ತನ್ನ ಕಾಡಿಗೆಯಿಂದ ಅಬ್ಬಾನಿಗೆ ರೋಡು ಕಂಡಿತ್ತು. ಖುಷಿಯಾಗಬೇಕಿತ್ತು. ಆದರೆ ಅವಳು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡವಳೇ ಕೈನಾತ್ ಬೀದಿಯ ಆ ತುದಿಗೆ ಓಡಿದಳು. ಕಾರು ಮನೆಯ ಮುಂದೆ ನಿಂತಿತ್ತು. ಸುತ್ತ ಮಕ್ಕಳು. ನಡುವೆ ಅಂಜಲಿ ಕಲ್ಲಿನ ಮೇಲೆ ರಾಣಿಯಂತೆ ಕೂತಿದ್ದಳು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗಾತ್ರಕ್ಕೆ ಊದಿಕೊಂಡ ಬೋರೆ.

"ಮುಟ್ಟಿ ನೋಡ್ಲಾ?" ಎಂದು ಫೈಜಾನ್ ಕೇಳುತ್ತಿದ್ದ.

"ಮೆಲ್ಲಕೆ. ಒಂದ್ಸಲ ಅಷ್ಟೇ."

ಬೋರೆ ಬಂದರೂ ಎಲ್ಲರೂ ಅವಳ ಸುತ್ತಲೇ! ಒಂದು ಗಳಿಗೆ ಕೈನಾತ್‌ಗೆ ಅದೂ ಸಹಿಸಲಾಗಲಿಲ್ಲ. ಆಮೇಲೆ ಆ ಬೋರೆಯ ನೀಲಿ ಬಣ್ಣ ಕಂಡಿತು.

"ಏನಾತೇ?"

"ಗುಂಡಿ ಕಾಣ್ಲಿಲ್ಲ ಅಪ್ಪಂಗೆ. ಕಾರು ಧಡ್ ಅಂತ ಬಿತ್ತು ನೋಡು, ಹಣೆ ಹೋಗಿ ಡ್ಯಾಶ್‌ಬೋರ್ಡಿಗೆ ಹೊಡೀತು. ಆದ್ರೆ ಕೈನಾ, ಎರಡು ಮರಿ! ಒಂದು ಪೂರ್ತಿ ಕರಿದು. ಅದಕ್ಕೆ ಹೆಸರು ನೀನು ಇಡು. ನಿಂಗೆ ಅಂತಾನೇ ಬಿಟ್ಟೀನಿ."

ಕೈನಾತ್ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಕನಕರಾಜ್ ಮಾಮ ಬಟ್ಟೆ ಹಿಡಿದು ಲೈಟು ಒರೆಸುತ್ತಿದ್ದ. ಒರೆಸಿದಷ್ಟೂ ಕಾಡಿಗೆ ಬಳಿದುಕೊಳ್ಳುತ್ತಿತ್ತು.

"ಅವ್ವಾ, ಬೊಟ್ಟು ಇಡು ಅಂದ್ರೆ ಪೇಂಟ್ ಹೊಡ್ದಿದೀಯಲ್ಲ!" ಎಂದು ರೇಗಿದ. "ಕೈಗೆ ಅಳತೆ ಬ್ಯಾಡ್ವಾ? ರಾತ್ರಿ ದಾರಿಯಾಗೆ ಒರೆಸಿದ್ರೂ ಹೋಗ್ಲಿಲ್ಲ. ಸ್ವಲ್ಪದ್ರಾಗೆ ಉಳಿದ್ವಿ ನಾವು."

"ಎಳ್ಳಿನಷ್ಟು ಇಟ್ಟಿದ್ನಪ್ಪ," ಎಂದಳು ನಿಂಗಕ್ಕ.

"ಇದು ಎಳ್ಳಾ?"

ನಿಂಗಕ್ಕ ಕಾರಿನ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಗಾಜಿಗೆ ಮುಖ ತಾಗುವಷ್ಟು ಬಗ್ಗಿ ನೋಡಿದಳು. ತನ್ನ ಬೆರಳನ್ನೂ ನೋಡಿಕೊಂಡಳು.

"ಕಣ್ಣು ಬ್ಯಾರೆ ಮಂಜಾಗ್ಯಾವೆ. ನಾನೇ ಜಾಸ್ತಿ ಹಚ್ಚಿದ್ನೇನೋ," ಎಂದಳು ಸಣ್ಣ ಧ್ವನಿಯಲ್ಲಿ. ಆಮೇಲೆ ತಲೆ ಅಲ್ಲಾಡಿಸಿದಳು. "ಇಲ್ಲ, ಇಲ್ಲ. ಇದು ಕಣ್ಣೇಟು. ಯಾರದೋ ಕಣ್ಣು ಬಿದ್ದೈತೆ."

ಅಬ್ಬಾ ಹೇಳಿದ ಮಾತನ್ನು ಮಾಮನಿಗೆ ಹೇಳಬೇಕೆಂದು ಕೈನಾತ್‌ಗೆ ಅನ್ನಿಸಿತು. ಲೈಟನ್ನು ಸ್ವಲ್ಪ ಕೆಳಗೆ ತಿರುಗಿಸಿ, ಮಾಮಾ. ಅಷ್ಟೇ ಮಾತು. ಆದರೆ ಅದರ ಹಿಂದೆಯೇ ಅಬ್ಬಾ ಆಡಿದ ಇನ್ನೊಂದು ಪದವೂ ನೆನಪಾಯಿತು: ಹೊಟ್ಟೆಕಿಚ್ಚು. ಅಬ್ಬಾನಿಗೆ ಇಲ್ಲದ್ದು ಅವಳಿಗಿತ್ತು.

ನಿಂಗಕ್ಕ ಒಳಗಿನಿಂದ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ತಂದಳು. ಮುಷ್ಟಿಯಲ್ಲಿ ಹಿಡಿದು ಮೊದಲು ಕಾರಿಗೆ ದೃಷ್ಟಿಯ ಇಳಿ ತೆಗೆದಳು. ಆಮೇಲೆ ಅಂಜಲಿಗೆ. ಕೆಂಡದ ಮೇಲೆ ಹಾಕಿದಾಗ ಚಟಚಟ ಎಂದಿತು. ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಕೆಮ್ಮಲು ಕಾದರು. ಯಾರಿಗೂ ಕೆಮ್ಮು ಬರಲಿಲ್ಲ. ಗಾಳಿ ಹೊಗೆಯನ್ನು ಅತ್ತ ಕಡೆಗೆ ಎಳೆದುಕೊಂಡು ಹೋಗಿತ್ತು.

"ನೋಡ್ರಿ, ಘಾಟೇ ಬರ್ಲಿಲ್ಲ!" ಎಂದಳು ನಿಂಗಕ್ಕ. "ಎಂಥಾ ಕಣ್ಣಿರಬೇಕು ಅದು!"

ಕೈನಾತ್ ಕಾರಿನ ಲೈಟಿನ ಗಾಜಿನ ಕಡೆ ನೋಡಿದಳು. ಒರೆಸಿ ಉಳಿದ ಕಪ್ಪಿನಲ್ಲಿ ಅವಳದೇ ಮುಖ ಕಾಣುತ್ತಿತ್ತು. ದೊಡ್ಡ ದೊಡ್ಡ ಎರಡು ಕಣ್ಣು.

ನಿಂಗಕ್ಕ ಮತ್ತೊಂದು ಹಿಡಿ ತುಂಬಿಕೊಂಡಳು. "ಬಾ ಕೈನಾ, ನಿಂಗೂ ತೆಗಿತೀನಿ. ನಿಮ್ಮಪ್ಪಾನೂ ಅದೇ ರೋಡಿನಾಗೆ ಬಂದಾನೆ. ಕೆಟ್ಟ ಕಣ್ಣು ಯಾರನ್ನ ಬಿಡ್ತೈತೆ? ಬಾ, ಪೂರ್ವಕ್ಕೆ ಮುಖ ಮಾಡಿ ನಿಂತ್ಕ."

"ಹೋಗೇ, ಉರಿಯಲ್ಲ," ಎಂದು ಅಂಜಲಿ ಅವಳನ್ನು ಮುಂದಕ್ಕೆ ತಳ್ಳಿದಳು.

ಕೈನಾತ್ ಅಲ್ಲೇ ನಿಂತಳು. ಬೆನ್ನ ಹಿಂದಿದ್ದ ಕೈಯನ್ನು ನಿಧಾನವಾಗಿ ಮುಂದಕ್ಕೆ ತಂದಳು. ಎಲ್ಲರಿಗೂ ಕಾಣುವಂತೆ ಬೆರಳು ಬಿಡಿಸಿ ಹಿಡಿದಳು. ಐದೂ ಉಗುರಿನ ಸಂದಿಯಲ್ಲಿ ಕಾಡಿಗೆ ಕಪ್ಪಗೆ ಕೂತಿತ್ತು.

ನಿಂಗಕ್ಕನ ಮುಷ್ಟಿ ಗಾಳಿಯಲ್ಲೇ ನಿಂತಿತು. "ಬಾ ತಾಯಿ," ಎಂದಳು ಮತ್ತೊಮ್ಮೆ. ಈ ಸಲ ಧ್ವನಿ ಮೆಲ್ಲಗಿತ್ತು.

"ಬ್ಯಾಡಜ್ಜಿ," ಎಂದಳು ಕೈನಾತ್. "ನಂಗೆ ತೆಗೀಬ್ಯಾಡ."